ನಮ್ಮ ಮನೆಯ ಮಾತು ಯಾರ ಬಾಯಲ್ಲಿ

ಧಾರವಾಡದ ಮಾಳಮಡ್ಡಿಯ ಮನೆಯ ಕೀಲಿ ಗೊಂಚಲು ಎರಡು ವರ್ಷ ನನ್ನ ಕೈಚೀಲದಲ್ಲೇ ಇತ್ತು. ಐದು ಕೀಲಿ. ಮುಂಬಾಗಿಲಿನದು, ಹಿತ್ತಲಿನದು, ದೇವರ ಮನೆಯದು, ಅಪ್ಪನ ತಿಜೋರಿಯದು. ಐದನೆಯದು ಯಾವುದರದು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆದರೂ ಅದನ್ನು ಗೊಂಚಲಿನಿಂದ ತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ.

ಅಪ್ಪ ಆ ಜಾಗ ಕೊಂಡಿದ್ದು 1984 ರಲ್ಲಿ. ಮೂರು ಗುಂಟೆ. ನಮ್ಮ ಕಡೆ ಈಗಲೂ ಜಾಗ ಅಂದರೆ ಗುಂಟೆ ಲೆಕ್ಕವೇ. 33 ಅಡಿಗೆ 33 ಅಡಿ, 1089 ಚದರಡಿ ಒಂದು ಗುಂಟೆ. ಎರಡು ವರ್ಷ ಬಿಟ್ಟು ಸೊಸೈಟಿಯಲ್ಲಿ ಸಾಲ ತೆಗೆದು ಮಂಗಳೂರು ಹಂಚಿನ ಮನೆ ಕಟ್ಟಿಸಿದರು. ಮುಂದೆ ಪಡಸಾಲೆ, ಹಿಂದೆ ಹಿತ್ತಲು, ಹಿತ್ತಲಲ್ಲಿ ಒಂದು ಆಪೂಸ್ ಮಾವಿನ ಗಿಡ. 2019 ರಲ್ಲಿ ಅಪ್ಪ ಹೋದರು. ಅವ್ವ ನಾಲ್ಕು ವರ್ಷ ಅಲ್ಲಿ ಒಬ್ಬಳೇ ಇದ್ದಳು. ಮೊಣಕಾಲು ನೋವು ಜಾಸ್ತಿ ಆದ ಮೇಲೆ ಹುಬ್ಬಳ್ಳಿಯ ವಿದ್ಯಾನಗರಕ್ಕೆ, ನಮ್ಮ ಮನೆಗೆ ಬಂದಳು. ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ. ಹತ್ತಿರದಲ್ಲೇ ನೆಲಮಹಡಿಯಲ್ಲಿ ಒಂದು ಸಣ್ಣ ಮನೆ ಅವಳಿಗೆ ಬೇಕಿತ್ತು. ಅದನ್ನು ಕೊಳ್ಳಬೇಕಾದರೆ ಮಾಳಮಡ್ಡಿಯ ಮನೆ ಮಾರಲೇಬೇಕಿತ್ತು.

ನಮ್ಮೂರಲ್ಲಿ ಮನೆ ಮಾರುತ್ತೇವೆ ಅಂತ ಬಾಯಿಬಿಟ್ಟು ಹೇಳುವುದೇ ಕಷ್ಟ. "ಯಾಕ್ರೀ, ಏನಾತು?" ಅಂತ ಕೇಳುತ್ತಾರೆ. ಮನೆಯಲ್ಲಿ ಯಾರಿಗೋ ಕಾಯಿಲೆ ಬಿದ್ದಿರಬೇಕು, ಇಲ್ಲಾ ಸಾಲ ಆಗಿರಬೇಕು ಅಂತಲೇ ಅವರ ಲೆಕ್ಕ. ಅವ್ವನಿಗೆ ಆ ಪ್ರಶ್ನೆಯೇ ಭಯ. ಹಾಗಾಗಿ ಓಣಿಯಲ್ಲಿ ಯಾರಿಗೂ ಹೇಳದೆ, ಬೇಗ ಬೇಗ ಮುಗಿಸಿಬಿಡೋಣ ಅಂತ ನಾವು ಸಿಕ್ಕ ಸಿಕ್ಕ ಏಜೆಂಟರಿಗೆಲ್ಲ ಫೋನ್ ಮಾಡಿದೆವು. ಇದು 2024 ರ ಫೆಬ್ರವರಿಯ ಮಾತು. ನಾವು ಮಾಡಿದ ದೊಡ್ಡ ತಪ್ಪು ಅದೇ.

ಎಷ್ಟು ಜನಕ್ಕೆ ಹೇಳಿದರೆ ಅಷ್ಟು ಬೇಗ ಮಾರುತ್ತದೆ ಅಂತ ಅನಿಸುವುದು ಸಹಜ, ಅಲ್ವಾ? ನಮಗೂ ಹಾಗೇ ಅನಿಸಿತ್ತು. ಪಕ್ಕದ ಮನೆಯಲ್ಲಿ ಒಂದು ಕೀಲಿ ಇಟ್ಟೆವು. ಯಾರು ಬೇಕಾದರೂ ತೆಗೆದುಕೊಂಡು ಹೋಗಿ ತೋರಿಸಬಹುದು. ಎರಡು ತಿಂಗಳಲ್ಲಿ ಗೇಟಿಗೆ ಐದು ಬೋರ್ಡ್ ಬಿದ್ದವು. ಐದು ಫೋನ್ ನಂಬರ್. ಒಬ್ಬರು ಒಂದು ಕೋಟಿ ಮೂವತ್ತೈದು ಲಕ್ಷ ಅಂತ ಮೊಬೈಲಿನಲ್ಲಿ ಹಾಕಿದರು, ಇನ್ನೊಬ್ಬರು ಅದೇ ಮನೆಯನ್ನು ಒಂದು ಕೋಟಿ ಹತ್ತು ಅಂತ ಹಾಕಿದರು. ಕೊಳ್ಳುವವರು ದಡ್ಡರಲ್ಲ. ಎರಡನ್ನೂ ನೋಡುತ್ತಾರೆ. ಮೂರನೆಯವರ ಹತ್ತಿರ ಇನ್ನೂ ಕಡಿಮೆಗೆ ಸಿಗಬಹುದು ಅಂತ ಕಾಯುತ್ತಾರೆ. ಐದು ಬೋರ್ಡ್ ಇರುವ ಗೇಟು ನೋಡಿದರೆ ಯಾರಿಗಾದರೂ ಈ ಮನೆಯಲ್ಲಿ ಏನೋ ದೋಷ ಇದೆ ಅಂತಲೇ ಅನಿಸುತ್ತದೆ.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಚಿಗರಿ ಬಸ್ಸು ಹಿಡಿದು ಧಾರವಾಡಕ್ಕೆ ಹೋದೆ. ಬಾಗಿಲು ತೆಗೆದೆ. ಪಡಸಾಲೆಯ ಗೋಡೆಯಲ್ಲಿ ಅಪ್ಪನ ಫೋಟೋ ಇರಲಿಲ್ಲ. ನೆಲದ ಮೇಲೆ, ಗೋಡೆಗೆ ಮುಖ ಮಾಡಿ ಇಟ್ಟಿದ್ದರು. ಫೋನ್ ಮಾಡಿ ಕೇಳಿದೆ. "ಅಕ್ಕಾರ, ತೀರಿದೋರ ಫೋಟೋ ನೋಡಿದ್ರ ಗಿರಾಕಿ ಹಿಂದ ಸರೀತಾರ, ಅದಕ್ಕ ತೆಗದೀವಿ" ಅಂದರು ಆ ಏಜೆಂಟರು. ಅವರ ಲೆಕ್ಕದಲ್ಲಿ ಅದು ತಪ್ಪೇ ಅಲ್ಲ. ಫೋಟೋ ತೆಗೆಯಬೇಕಿದ್ದರೆ ನನಗೊಂದು ಮಾತು ಹೇಳಬಹುದಿತ್ತು, ನಾನೇ ಬಂದು ತೆಗೆಯುತ್ತಿದ್ದೆ. ಆ ದಿನ ಪಕ್ಕದ ಮನೆಯಿಂದ ಕೀಲಿ ವಾಪಸ್ ತಂದೆ. ಐದೂ ಬೋರ್ಡ್ ಬಿಚ್ಚಿ ಹಿತ್ತಲಲ್ಲಿ ಒಟ್ಟಿದೆ.

ಪುಣೆಯಲ್ಲಿರುವ ಅಣ್ಣನಿಗೆ ಸಿಟ್ಟು ಬಂತು. ಅವನ ಪ್ರಕಾರ ವಿಷಯ ಸರಳ. ಯಾರು ಜಾಸ್ತಿ ಬೆಲೆ ಹೇಳುತ್ತಾರೋ ಅವರಿಗೆ ಕೊಟ್ಟುಬಿಡು. ಒಂದು ಕೋಟಿ ಮೂವತ್ತೈದು ಹೇಳಿದವರು ಇದ್ದರಲ್ಲ? ನಾನು ಅವರನ್ನೇ ಕರೆದು ಕೂರಿಸಿ ಕೇಳಿದೆ, ಈ ಬೆಲೆ ಹೇಗೆ ಬಂತು, ಈ ಓಣಿಯಲ್ಲಿ ಇತ್ತೀಚೆಗೆ ಯಾವ ಮನೆ ಎಷ್ಟಕ್ಕೆ ಹೋಯಿತು ಅಂತ. ಉತ್ತರ ಬರಲಿಲ್ಲ. "ಈಗ ಹೈಕೋರ್ಟ್ ಪೀಠ ಐತಿ, ಐಐಟಿ ಬಂದೈತಿ, ಧಾರವಾಡದ ರೇಟ್ ಹಾರತೈತಿ" ಅಂದರು. ಹೈಕೋರ್ಟಿನ ಪೀಠ ಇಲ್ಲಿಗೆ ಬಂದದ್ದು 2008 ರಲ್ಲಿ. ಐಐಟಿ ಶುರುವಾದದ್ದು 2016 ರಲ್ಲಿ, ಅದರ ಸ್ವಂತ ಕ್ಯಾಂಪಸ್ ಇರುವುದು ಚಿಕ್ಕಮಲ್ಲಿಗವಾಡದಲ್ಲಿ. ಅವುಗಳಿಂದ ಊರಿಗೆ ಜನ ಬಂದಿದ್ದಾರೆ, ಸುಳ್ಳಲ್ಲ. ಆದರೆ ಮಾಳಮಡ್ಡಿಯ ಒಂದು ಸಣ್ಣ ಓಣಿಯಲ್ಲಿ, ಕಾರು ತಿರುಗಿಸಲು ಕಷ್ಟ ಇರುವ ಕಡೆ, ನಲವತ್ತು ವರ್ಷ ಹಳೆಯ ಹಂಚಿನ ಮನೆಗೆ ಏನು ಬೆಲೆ ಅಂತ ಅದರಿಂದ ತಿಳಿಯುವುದಿಲ್ಲ.

ಜಾಸ್ತಿ ಬೆಲೆ ಹೇಳುವುದು ಕೆಲವರಿಗೆ ಮನೆ ಹಿಡಿಯುವ ದಾರಿ ಅಂತ ಆಮೇಲೆ ಗೊತ್ತಾಯಿತು. ಮೊದಲು ಏರಿಸಿ ಹೇಳಿ ಒಪ್ಪಿಸಿಕೊಳ್ಳುತ್ತಾರೆ. ಆಮೇಲೆ ಮೂರು ತಿಂಗಳು ಯಾರನ್ನೂ ಕರೆತರುವುದಿಲ್ಲ. ನಾವು ಸೋತ ಮೇಲೆ, "ಮಾರ್ಕೆಟ್ ಬಿದ್ದೈತ್ರಿ" ಅಂತ ಒಂದೊಂದೇ ಲಕ್ಷ ಇಳಿಸುತ್ತಾ ಬರುತ್ತಾರೆ. ಕೊನೆಗೆ ನಾವು ನಿಜವಾದ ಬೆಲೆಗಿಂತಲೂ ಕೆಳಗೆ ಇಳಿದಿರುತ್ತೇವೆ.

ಇನ್ನೊಬ್ಬರ ಮಾತು ಬೇರೆ ಥರ. ಅವರು ಕಮಿಷನ್ನೇ ಬೇಡ ಅಂದರು. "ನಿಮ್ಮ ಕೈಗೆ ತೊಂಬತ್ತು ಕೊಡತೀನಿ. ಮ್ಯಾಲಿಂದು ನಂದು." ಕೇಳಲು ಎಷ್ಟು ಸುಲಭ! ತಂಗಿಗೆ ಇದು ಇಷ್ಟವಾಗಿತ್ತು. ಕಮಿಷನ್ ಉಳಿಯಿತು, ತಲೆನೋವಿಲ್ಲ. ಆದರೆ ಸ್ವಲ್ಪ ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ. ಒಂದು ಕೋಟಿ ಐದಕ್ಕೆ ಮಾರಿದರೆ ಹದಿನೈದು ಲಕ್ಷ ಅವರಿಗೆ. ಕೊಂಡವರು ನಿಜವಾಗಿ ಎಷ್ಟು ಕೊಟ್ಟರು ಅಂತ ನಮಗೆ ತಿಳಿಯುವುದೇ ಇಲ್ಲ. ಅಷ್ಟೇ ಅಲ್ಲ, ಓಡಾಟ ತಪ್ಪುತ್ತದೆ ಅಂತ ಹೇಳಿ ಅವರು ಜಿಪಿಎ, ಅಂದರೆ ನಮ್ಮ ಪರವಾಗಿ ವ್ಯವಹಾರ ಮಾಡುವ ಅಧಿಕಾರ ಪತ್ರ ಕೂಡ ಕೇಳಿದರು. ಬರೀ ಜಿಪಿಎ ಮೇಲೆ ಮನೆಯ ಮಾಲೀಕತ್ವ ದಾಟುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011 ರಲ್ಲೇ ಹೇಳಿದೆ. ಆದರೆ ಮಾರುವ ಅಧಿಕಾರ ಬರೆದುಕೊಟ್ಟ ಪತ್ರ ಕೈಯಲ್ಲಿದ್ದರೆ ನಮ್ಮ ಪರವಾಗಿ ಅವರೇ ಸಹಿ ಹಾಕಬಹುದಲ್ಲ? ಮೊನ್ನೆ ಮೊನ್ನೆ ಪರಿಚಯ ಆದವರಿಗೆ ಅಪ್ಪನ ಮನೆಯ ಮೇಲೆ ಅಂಥ ಅಧಿಕಾರ ಕೊಡಲು ನಾನು ಒಪ್ಪಲಿಲ್ಲ.

ಹೀಗೆ ಮೇ ತಿಂಗಳು ಮುಗಿಯಿತು. ಮಾವಿನ ಹಣ್ಣೂ ಮುಗಿದವು.

ಜೂನ್‌ನಲ್ಲಿ ಅವ್ವನಿಗೆ ಮನೆ ನೋಡಲು ಶುರು ಮಾಡಿದೆವು. ಯಾವ ಏಜೆಂಟರು ಎಂಥವರು ಅನ್ನುವುದು ನನಗೆ ಕಂಡಿದ್ದು ಆಗಲೇ. ಅದೂ ಮಾರುವವಳಾಗಿ ಕೂತಾಗ ಕಾಣಲಿಲ್ಲ, ಕೊಳ್ಳುವವಳಾಗಿ ಹಿಂದೆ ಹಿಂದೆ ನಡೆದಾಗ ಕಂಡಿತು.

ಕೇಶ್ವಾಪುರದಲ್ಲಿ ಒಂದು ಮನೆ. ನೆಲಮಹಡಿ, ಎರಡು ಕೋಣೆ, ಮುಂದೆ ತುಳಸಿ ಕಟ್ಟೆ. ಕರೆದುಕೊಂಡು ಹೋದ ಏಜೆಂಟರು ಚಪ್ಪಲಿ ಹಾಕಿಕೊಂಡೇ ಒಳಗೆ ನಡೆದರು. ಮನೆಯ ಯಜಮಾನರು ವಯಸ್ಸಾದವರು. ನಮಗೆ ನೀರು ಕೊಟ್ಟು, ಪಕ್ಕದ ಕೋಣೆಗೆ ಸರಿದು ನಿಂತರು. ಏಜೆಂಟರು ಅಡುಗೆ ಮನೆಯ ಕಪಾಟು ತೆಗೆದು ತೋರಿಸಿದರು, ಒಳಗೆ ಅವರ ಡಬ್ಬಿಗಳು ಇದ್ದವು. ಗೇಟಿನ ಹೊರಗೆ ಬಂದ ಮೇಲೆ ದನಿ ತಗ್ಗಿಸಿ ಹೇಳಿದರು. "ಮಗ ಸಾಲ ಮಾಡಿಕೊಂಡಾನ್ರಿ. ಬ್ಯಾಂಕಿನೋರು ಬೆನ್ನು ಹತ್ಯಾರ. ಭಾಳ ಅರ್ಜೆಂಟ್ ಐತಿ ಇವರಿಗೆ. ನೀವು ಎಂಟು ಲಕ್ಷ ಕಡಿಮಿ ಕೇಳ್ರಿ, ಕೊಡತಾರ."

ಒಂದು ಕ್ಷಣ ನನಗೂ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ. ಎಂಟು ಲಕ್ಷ ಉಳಿದರೆ ಅವ್ವನ ಮೊಣಕಾಲಿನ ಆಪರೇಷನ್ನೇ ಆಗುತ್ತದೆ ಅಂತ ಲೆಕ್ಕ ಹಾಕಿದೆ. ವಿದ್ಯಾನಗರಕ್ಕೆ ಬರುವ ಆಟೋದಲ್ಲಿ ಹೊಟ್ಟೆಯಲ್ಲಿ ಒಂಥರಾ ಆಗತೊಡಗಿತು. ಆ ಯಜಮಾನರು ನಂಬಿ ಹೇಳಿಕೊಂಡ ಮಾತನ್ನು ಇವರು ನನಗೆ, ಗುರುತೂ ಇಲ್ಲದವಳಿಗೆ, ಗೇಟಿನ ಹತ್ತಿರ ನಿಂತು ಹೇಳಿಬಿಟ್ಟರು. ನಮ್ಮ ಮಾಳಮಡ್ಡಿಯ ಗೇಟಿನ ಹತ್ತಿರ ನಿಂತು ಏನೇನು ಹೇಳಿರಬಹುದು? "ತಂದಿ ತೀರ್‍ಯಾರ, ಮಕ್ಕಳು ಊರಾಗ ಇಲ್ಲ, ಮನಿ ಖಾಲಿ ಬಿದ್ದೈತಿ, ಹೆಂಗೂ ಮಾರಲೇಬೇಕು ಅವರು." ಐದು ತಿಂಗಳಿಂದ ನಮ್ಮ ಮನೆಗೆ ಬಂದವರೆಲ್ಲ ಎಪ್ಪತ್ತು, ಎಪ್ಪತ್ತೈದು ಅಂತಲೇ ಯಾಕೆ ಕೇಳುತ್ತಿದ್ದರು ಅಂತ ಆಗ ಅರ್ಥವಾಯಿತು. ಅವರಲ್ಲಿ ಒಬ್ಬರನ್ನು ಕರೆತಂದಿದ್ದು ಇದೇ ಏಜೆಂಟರು.

ಆ ಮನೆ ನಾವು ಕೊಳ್ಳಲಿಲ್ಲ. ಕೇಶ್ವಾಪುರದಿಂದ ನಮಗೆ ದೂರ ಆಗುತ್ತಿತ್ತು ಅನ್ನುವುದೇ ಮುಖ್ಯ ಕಾರಣ. ಆದರೆ ಅಂದಿನಿಂದ ನಾನು ಮನೆಗಿಂತ ಜಾಸ್ತಿ, ತೋರಿಸುವವರನ್ನು ನೋಡತೊಡಗಿದೆ.

ಆಷಾಢದ ಹೊತ್ತಿಗೆ ಇನ್ನೊಬ್ಬರು ಸಿಕ್ಕರು. ಆಷಾಢದಲ್ಲಿ ನಮ್ಮ ಕಡೆ ಮನೆ ಕೊಳ್ಳುವವರು ಕಡಿಮೆ, ಏಜೆಂಟರಿಗೆ ಬಿಡುವು ಇರುತ್ತದೆ. ಮನೆ ಮಾರಬೇಕೆನ್ನುವವರು ಏಜೆಂಟರನ್ನು ಹುಡುಕಲು ಇದು ಒಳ್ಳೆಯ ಕಾಲ ಅಂತ ನನ್ನ ಅನುಭವ, ಕೂತು ಮಾತಾಡಲು ಸಮಯ ಕೊಡುತ್ತಾರೆ. ಇವರು ಗದಗ ಕಡೆಯವರು. ಮೊದಲು ಧಾರವಾಡದಲ್ಲಿ ವಕೀಲರೊಬ್ಬರ ಹತ್ತಿರ ಗುಮಾಸ್ತರಾಗಿದ್ದವರು. ಉಣಕಲ್ ಹತ್ತಿರ ಒಂದು ಮನೆ ತೋರಿಸಲು ಕರೆದುಕೊಂಡು ಹೋದರು. ಮಳೆ ಹೊಯ್ಯುತ್ತಿತ್ತು. ನಾನು, ಇಷ್ಟು ಮಳೆಯಲ್ಲಿ ಬೇಡ, ನಾಳೆ ನೋಡೋಣ ಅಂದೆ. "ಮಳಿಯಾಗ ನೋಡಬೇಕ್ರಿ ಮನಿ" ಅಂದರು.

ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಒಳಗಿದ್ದ ಹೆಣ್ಣುಮಗಳನ್ನು ಕೇಳಿ ಕಿಟಕಿ ತೆಗೆದರು. ಹಿಂದಿನ ಕೋಣೆಯ ಗೋಡೆ ಮುಟ್ಟಿ ನೋಡಿ ಅಂತ ನನಗೆ ಹೇಳಿದರು. ಗೋಡೆ ಹಸಿ ಇತ್ತು. "ಎರಡು ವರ್ಷದಿಂದ ಹಿಂಗ ಐತಿ, ಪ್ಯಾರಾಪೆಟ್ ಸರಿಮಾಡಿದ್ರ ನಿಲ್ಲತೈತಿ, ಖರ್ಚು ನೀವು ಹಿಡೀಬೇಕು" ಅಂತ ಆ ಹೆಣ್ಣುಮಗಳ ಎದುರಿಗೇ ಹೇಳಿದರು. ಅವಳೂ ತಲೆಯಾಡಿಸಿದಳು. ಮೊದಲೇ ಮಾತಾಡಿಕೊಂಡಿದ್ದರು ಅನಿಸಿತು. ಹೊರಗೆ ಬಂದ ಮೇಲೆ ನಾನು ಬೇಕೆಂದೇ ಕೇಳಿದೆ, ಕೊನೆಗೆ ಎಷ್ಟಕ್ಕೆ ಕೊಡುತ್ತಾರೆ ಅಂತ. ಅವರು ಛತ್ರಿ ಬಿಚ್ಚುತ್ತಾ ಅಂದರು, "ಅದು ಅವರ ಮನಿ ಮಾತ್ರಿ. ನೀವು ಎಷ್ಟು ಕೊಡತೀರಿ ಅಂತ ಹೇಳ್ರಿ, ಮುಟ್ಟಸ್ತೀನಿ."

ಅವರು ಯಾಕೆ ಮಾರುತ್ತಿದ್ದಾರೆ ಅಂತಲೂ ಕೇಳಿದೆ. "ಮಾರಬೇಕು ಅಂತ ಮಾರಾಕತ್ತಾರ" ಅಂದರು. ಅಷ್ಟೇ.

ಮರುದಿನ ಅಣ್ಣನಿಗೆ ಫೋನ್ ಮಾಡಿ ಹೇಳಿದೆ, ನಮ್ಮ ಮನೆ ಇವರಿಗೆ ಕೊಡೋಣ. ಬೆಲೆ ಎಷ್ಟು ಹೇಳಿದರು ಅಂತ ಕೇಳಿದ. ಇನ್ನೂ ಹೇಳಿಲ್ಲ ಅಂದೆ. ಫೋನ್ ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ.

ಅವರು ಮಾಳಮಡ್ಡಿಗೆ ಬಂದ ದಿನ ಮನೆ ನೋಡುವುದಕ್ಕಿಂತ ಮೊದಲು ಕಾಗದ ಕೇಳಿದರು. ಧಾರವಾಡ ಮುಂಬೈ ಪ್ರಾಂತ್ಯದಲ್ಲಿದ್ದ ಊರು. ಹಾಗಾಗಿ ಬೆಂಗಳೂರಿನವರು ಬರೀ ಖಾತೆ ಅನ್ನುವ ಕಡೆ ನಮಗೆ ಸಿಟಿಎಸ್ ಅಂದರೆ ಸಿಟಿ ಸರ್ವೆ ನಂಬರ್, ಮಾಲೀಕರ ಹೆಸರು, ಅಳತೆ, ಸಾಲ ಬರೆದಿರುವ ಸಿಟಿ ಸರ್ವೆಯ ಉತಾರ ಅಂತ ಇನ್ನೊಂದು ಕಟ್ಟು ಇದೆ. ಪಾಲಿಕೆಯ ದಾಖಲೆ ಬೇರೆ, ಸಿಟಿ ಸರ್ವೆಯದು ಬೇರೆ. ಎರಡರಲ್ಲೂ ಹೆಸರು, ಅಳತೆ ಒಂದೇ ಇರಬೇಕು. ನಾನು ಅಪ್ಪನ ತಿಜೋರಿಯಿಂದ ಖರೀದಿ ಪತ್ರ, ಹಳೆಯ ಉತಾರ, ತೆರಿಗೆ ರಸೀದಿ, ಮನೆಯ ನಕ್ಷೆ ಎಲ್ಲ ತೆಗೆದು ಹರಡಿದೆ. ಅವರು ಕನ್ನಡಕ ಹಾಕಿಕೊಂಡು ನೆಲದ ಮೇಲೆ ಕೂತು ಒಂದು ತಾಸು ಓದಿದರು. ಆಮೇಲೆ ಉತಾರದ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಬೋಜಾ ಐತಲ್ರಿ."

ಬೋಜಾ ಅಂದರೆ ಆಸ್ತಿಯ ಮೇಲಿನ ಸಾಲದ ನಮೂದು. ಅಪ್ಪ 1986 ರಲ್ಲಿ ತೆಗೆದ ಸೊಸೈಟಿ ಸಾಲ ಅದು. 2001 ರಲ್ಲೇ ತೀರಿಸಿದ್ದರು, ಆ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದು ನನಗೆ ನೆನಪಿದೆ. ಆದರೆ ಉತಾರದಲ್ಲಿ ಆ ಬೋಜಾ ಕಡಿಮೆ ಮಾಡಿಸಿರಲಿಲ್ಲ. ಇಪ್ಪತ್ತಮೂರು ವರ್ಷ ಅದು ಹಾಗೇ ಕೂತಿತ್ತು. ನಮ್ಮ ಗೇಟಿಗೆ ಬೋರ್ಡ್ ಹಾಕಿದ ಐವರಲ್ಲಿ ಒಬ್ಬರೂ ಈ ಕಾಗದ ನೋಡಲು ಕೇಳಿರಲಿಲ್ಲ. ಯಾರಾದರೂ ಸಂಚಕಾರ ಕೊಟ್ಟು, ಅವರ ಬ್ಯಾಂಕಿನ ವಕೀಲರು ಇದನ್ನು ಕಂಡಿದ್ದರೆ ಲೋನ್ ನಿಲ್ಲುತ್ತಿತ್ತು, ವ್ಯವಹಾರ ಮುರಿಯುತ್ತಿತ್ತು, ಸಂಚಕಾರ ವಾಪಸ್ ಕೇಳುತ್ತಿದ್ದರು. "ಆ ಮನಿದು ಕಾಗದ ಸರಿ ಇಲ್ಲಂತ" ಅಂತ ಊರೆಲ್ಲ ಮಾತಾಗುತ್ತಿತ್ತು. ಆ ಮಾತು ಒಮ್ಮೆ ಹತ್ತಿದರೆ ಬಿಡಿಸುವುದು ಬಹಳ ಕಷ್ಟ.

ಬೋಜಾ ಅಷ್ಟೇ ಅಲ್ಲ. ಅಪ್ಪ ಮೃತ್ಯುಪತ್ರ ಬರೆದಿರಲಿಲ್ಲ. ಅವರ ಸ್ವಂತ ಗಳಿಕೆಯ ಮನೆ, ಹಾಗಾಗಿ ಅವ್ವ ಮತ್ತು ನಾವು ಮೂವರು ಮಕ್ಕಳು, ನಾಲ್ವರಿಗೂ ಸಮಪಾಲು. ಹೆಣ್ಣುಮಕ್ಕಳ ಸಹಿ ಬೇಕಿಲ್ಲ, ಹಕ್ಕು ಬಿಟ್ಟೀವಿ ಅಂತ ಬಾಯಿಮಾತಲ್ಲಿ ಹೇಳಿದರೆ ಸಾಕು ಅಂತ ಮೊದಲಿನ ಏಜೆಂಟರೊಬ್ಬರು ಅಣ್ಣನಿಗೆ ಹೇಳಿದ್ದರಂತೆ. ಇವರು ಮೊದಲ ದಿನವೇ ನಾಲ್ವರ ಹೆಸರೂ ಹಚ್ಚಿಸಬೇಕು, ನಾಲ್ವರೂ ಸಹಿ ಮಾಡಬೇಕು ಅಂದರು. ವಾರಸಾ ಹಚ್ಚಿಸಿ, ಸೊಸೈಟಿಯಿಂದ ಸಾಲ ತೀರಿದ ಪತ್ರ ತಂದು ಬೋಜಾ ತೆಗೆಸಿ, ಋಣಭಾರ ಪತ್ರ ತೆಗೆಸಿ ಮುಗಿಸುವ ಹೊತ್ತಿಗೆ ದೀಪಾವಳಿ ಬಂತು. ಅಷ್ಟರಲ್ಲಿ ಅಕ್ಟೋಬರ್ 2024 ರಿಂದ ರಾಜ್ಯದಲ್ಲಿ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ ಅಂತ ಆಯಿತು. ಪಾಲಿಕೆಯಲ್ಲಿ ಅದಕ್ಕೊಂದು ಓಡಾಟ. ಈ ನಾಲ್ಕೈದು ತಿಂಗಳು ಅವರು ಒಂದೇ ಒಂದು ಗಿರಾಕಿಯನ್ನೂ ಕರೆತರಲಿಲ್ಲ. ನಮ್ಮಿಂದ ಒಂದು ರೂಪಾಯಿಯನ್ನೂ ಕೇಳಲಿಲ್ಲ. ಕಾಗದ ಆಗಲಿ ಅಂತ ಕಾದರು.

ಕೊನೆಗೆ ಡಿಸೆಂಬರ್‌ನಲ್ಲಿ ಬೆಲೆ ಹೇಳಿದರು. ಒಂದು ಕೋಟಿ ಎಂಟು ಅಂತ ಕೇಳೋಣ, ಒಂದು ಕೋಟಿ ಮೂರರಿಂದ ಐದರ ಒಳಗೆ ಆಗುತ್ತದೆ. ಹತ್ತಿರದಲ್ಲಿ ಹಿಂದಿನ ಎರಡು ವರ್ಷದಲ್ಲಿ ತಾವೇ ಕೂತು ಮಾಡಿಸಿದ ಮೂರು ಖರೀದಿಗಳ ಲೆಕ್ಕ ಹೇಳಿದರು. ಜಾಗ ಎಷ್ಟು, ರಸ್ತೆ ಎಷ್ಟು ಅಗಲ, ಕಟ್ಟಡ ಎಷ್ಟು ಹಳೆಯದು. ಯಾರದು ಅಂತ ಹೆಸರು ಹೇಳಲಿಲ್ಲ. ಮನೆಗೆ ಬೆಲೆ ಹೆಚ್ಚೇನೂ ಇಲ್ಲ, ಕೊಳ್ಳುವವರು ಜಾಗಕ್ಕೇ ಕೊಡುತ್ತಾರೆ ಅಂತಲೂ ಹೇಳಿದರು. ಅವ್ವ ಅಲ್ಲೇ ಕೂತಿದ್ದಳು. ಅವಳಿಗೆ ನೋವಾಯಿತು. ಅವರು ಅದನ್ನು ಗಮನಿಸಿ, "ಕೆಡವೋರಿಗೇ ಕೊಡಬೇಕು ಅಂತ ಇಲ್ರಿ ಅಮ್ಮಾರ. ಇರೋರು ಸಿಗತಾರೇನ ನೋಡೂನು" ಅಂದರು. ಮಾತು ಕೊಡಲಿಲ್ಲ. ನೋಡೋಣ ಅಂತ ಮಾತ್ರ ಅಂದರು. ನನಗೆ ಅದೂ ಹಿಡಿಸಿತು.

ಅಣ್ಣ ಸಿಟ್ಟಾಗಿಯೇ ಒಪ್ಪಿದ.

ಆಮೇಲೆ ಒಂದು ಹಾಳೆ ಬರೆದುಕೊಂಡೆವು. ಇದನ್ನು ಎಲ್ಲರೂ ಮಾಡಬೇಕು, ನಂಬಿಕೆ ಇದ್ದವರ ಜೊತೆಗೂ ಮಾಡಬೇಕು. ನಾಲ್ಕು ತಿಂಗಳು ಅವರೊಬ್ಬರೇ ತೋರಿಸುವುದು. ಆಗದಿದ್ದರೆ ನಾವು ಬೇರೆಯವರ ಹತ್ತಿರ ಹೋಗಬಹುದು. ಕಮಿಷನ್ ಶೇಕಡಾ ಒಂದು, ಸಂಚಕಾರದ ದಿನ ಅಲ್ಲ, ಖರೀದಿ ನೋಂದಣಿ ಆದ ದಿನ. ನಮ್ಮ ಕಡೆ ಒಂದರಿಂದ ಎರಡರ ಮಧ್ಯೆ ವಾಡಿಕೆ. ಕೊಳ್ಳುವವರಿಂದಲೂ ತೆಗೆದುಕೊಳ್ಳುತ್ತೀರಾ ಅಂತ ಕೇಳಿದೆ. ಹೌದು, ಅವರಿಂದಲೂ ಒಂದು ಪರ್ಸೆಂಟ್ ಅಂತ ನೇರವಾಗಿ ಹೇಳಿದರು. ಅದನ್ನೂ ಹಾಳೆಯಲ್ಲಿ ಬರೆದೆವು. ಎರಡೂ ಕಡೆ ತೆಗೆದುಕೊಳ್ಳುವುದು ಇಲ್ಲಿ ಎಲ್ಲರೂ ಮಾಡುವುದೇ. ಮುಚ್ಚಿಟ್ಟರೆ ಮಾತ್ರ ನನಗೆ ಭಯ. ಬಂದ ಪ್ರತಿಯೊಂದು ಬೆಲೆಯನ್ನೂ, ಎಷ್ಟೇ ಕಡಿಮೆ ಇದ್ದರೂ, ನಮಗೆ ಹೇಳಬೇಕು. ನಾವು ಹೇಳದ ಹೊರತು ಬೆಲೆ ಇಳಿಸಿ ಮಾತಾಡಬಾರದು. ಬರುವ ಮುಂಚೆ ಫೋನ್ ಮಾಡಬೇಕು. ಅಪ್ಪನ ಫೋಟೋ ಇದ್ದಲ್ಲೇ ಇರಬೇಕು. ಈ ಕೊನೆಯದನ್ನು ಬರೆಯುವಾಗ ಅವರು ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ.

ರೇರಾ, ಅಂದರೆ ರಿಯಲ್ ಎಸ್ಟೇಟ್ ವ್ಯವಹಾರದ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ, ಅದರ ಬಗ್ಗೆ ಒಂದು ಮಾತು. ಮೊದಲಿನ ಏಜೆಂಟರಲ್ಲಿ ಇಬ್ಬರು ಕಾರ್ಡಿನ ಮೇಲೆ ರೇರಾ ನಂಬರ್ ತೋರಿಸಿ, ನಾವು ಸರ್ಕಾರಿ ನೋಂದಣಿ ಆದವರು ಅಂದಿದ್ದರು. 2016 ರ ರೇರಾ ಕಾಯ್ದೆಯಲ್ಲಿ ಏಜೆಂಟರ ನೋಂದಣಿ ಇದೆ, ನಿಜ. ಆದರೆ ಅದು ರೇರಾದಲ್ಲಿ ನೋಂದಣಿ ಆದ ಹೊಸ ಬಡಾವಣೆ, ಅಪಾರ್ಟ್‌ಮೆಂಟ್‌ಗಳನ್ನು ಬಿಲ್ಡರ್ ಪರವಾಗಿ ಮಾರುವವರಿಗೆ ಕಡ್ಡಾಯ. ನಮ್ಮಂಥ ಹಳೆಯ ಸ್ವಂತ ಮನೆ ಮಾರಿಸಲು ಕಾನೂನು ಅದನ್ನು ಕೇಳುವುದಿಲ್ಲ. ನಂಬರ್ ಇದ್ದರೆ ಒಳ್ಳೆಯದೇ, ರೇರಾ ವೆಬ್‌ಸೈಟಿನಲ್ಲಿ ಪರೀಕ್ಷಿಸಬಹುದು. ಆದರೆ ಹಳೆಯ ಮನೆಯ ವಿಷಯದಲ್ಲಿ ಏನಾದರೂ ಎಡವಟ್ಟಾದರೆ ಆ ನಂಬರ್ ನಮ್ಮನ್ನು ಕಾಯುತ್ತದೆ ಅಂತ ನಂಬಿ ಕೂರಬೇಡಿ.

ಗೇಟಿಗೆ ಈ ಸಲ ಒಂದೇ ಬೋರ್ಡ್.

ಬಂದವರೆಲ್ಲ ಮೊದಲು ಕೇಳಿದ್ದು ನೀರು. ಅವಳಿ ನಗರದಲ್ಲಿ ಯಾರೂ ಅದನ್ನು ಬಿಟ್ಟು ಮನೆ ನೋಡುವುದಿಲ್ಲ. ಸವದತ್ತಿಯ ಮಲಪ್ರಭೆಯಿಂದ ಬರುವ ನೀರು ಕೆಲವು ಓಣಿಗೆ ದಿನವೂ ಬರುತ್ತದೆ, ಕೆಲವಕ್ಕೆ ಎಷ್ಟೋ ದಿನಕ್ಕೊಮ್ಮೆ. ನಮ್ಮ ಓಣಿಗೆ ಐದಾರು ದಿನಕ್ಕೊಮ್ಮೆ ಬರುತ್ತಿತ್ತು. ನಮ್ಮ ಏಜೆಂಟರು ಹಾಗೆಯೇ ಹೇಳಿದರು, ಹೇಳಿ ನೆಲದೊಳಗಿನ ಟಾಕಿಯ ಮುಚ್ಚಳ ತೆಗೆದು ತೋರಿಸಿದರು. ಅಪ್ಪ ಕಟ್ಟಿಸಿದ ದೊಡ್ಡ ಟಾಕಿ. ದಕ್ಷಿಣಕ್ಕೆ ಬಾಗಿಲು ಅಂತ ಮೂರು ಕುಟುಂಬ ವಾಪಸ್ ಹೋದವು. ಅದಕ್ಕೇನೂ ಮಾಡುವಂತಿರಲಿಲ್ಲ. ಅವರ ಜೊತೆ ವಾದ ಮಾಡಬೇಡಿ ಅಂತ ನನಗೆ ಹೇಳಿದ್ದರು.

ಒಬ್ಬರು ಒಂದು ಕೋಟಿ ಹತ್ತು ಕೊಡಲು ತಯಾರಿದ್ದರು. ನಾವು ಕೇಳಿದ್ದಕ್ಕಿಂತ ಜಾಸ್ತಿ! ಆದರೆ ಕಾಗದದಲ್ಲಿ ಅರವತ್ತೈದು ತೋರಿಸಿ, ಉಳಿದದ್ದು ನಗದು. ಅಣ್ಣನ ಮನಸ್ಸು ಮತ್ತೆ ಅಲುಗಾಡಿತು. ಏಜೆಂಟರಿಗೂ ಕಮಿಷನ್ ಜಾಸ್ತಿ ಸಿಗುತ್ತಿತ್ತು. ಆದರೂ ಅವರೇ ಬೇಡ ಅಂದರು. ಮನೆ, ಜಾಗ ಮಾರುವಾಗ ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ತೆಗೆದುಕೊಂಡವರಿಗೆ. ಅಂದರೆ ನಮಗೆ. ಇದನ್ನು ಅವರು ಅಣ್ಣನಿಗೆ ಫೋನಿನಲ್ಲಿ ನಿಧಾನವಾಗಿ, ಎರಡು ಸಲ ಹೇಳಿದರು. ಅಣ್ಣ ಅವರನ್ನು ನಂಬಲು ಶುರು ಮಾಡಿದ್ದು ಆ ದಿನ.

ಮಾರ್ಚ್ ಕೊನೆಗೆ, ಯುಗಾದಿಯ ಹೊತ್ತಿಗೆ, ಹಾವೇರಿ ಕಡೆಯ ಒಂದು ಕುಟುಂಬ ಬಂತು. ಗಂಡ ಹೆಂಡತಿ ಇಬ್ಬರೂ ಕೃಷಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವವರು. ಒಂದು ಕೋಟಿ ನಾಲ್ಕು ಲಕ್ಷ. ಪೂರ್ತಿ ಬ್ಯಾಂಕಿನ ಮೂಲಕ. ಕಾಗದ ಸರಿ ಇದ್ದಿದ್ದರಿಂದ ಅವರ ಬ್ಯಾಂಕಿನ ವಕೀಲರು ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಕ್ಷಯ ತೃತೀಯದ ಹಿಂದಿನ ವಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಾಲ್ವರೂ ಕೂತೆವು. ಅವ್ವನ ಹೆಬ್ಬೆರಳು ಮಷೀನಿನಲ್ಲಿ ಬರಲಿಲ್ಲ. ಮೂರು ಸಲ ಒತ್ತಿದರೂ ಬರಲಿಲ್ಲ. ಅವಳು ಗಾಬರಿಯಾದಳು. ಏಜೆಂಟರು ಹೊರಗೆ ಹೋಗಿ ಒದ್ದೆ ಕರವಸ್ತ್ರ ತಂದು ಕೊಟ್ಟರು. "ಸಾವಕಾಶ ಒರಸ್ರಿ ಅಮ್ಮಾರ, ಗಡಿಬಿಡಿ ಇಲ್ಲ." ನಾಲ್ಕನೇ ಸಲಕ್ಕೆ ಬಂತು.

ಲೆಕ್ಕದ ಮಾತು ಬೇಗ ಹೇಳಿಬಿಡುತ್ತೇನೆ, ಯಾರಿಗಾದರೂ ಬೇಕಾಗಬಹುದು. ಐವತ್ತು ಲಕ್ಷ ಅಥವಾ ಅದಕ್ಕಿಂತ ಜಾಸ್ತಿಗೆ ಮಾರಿದರೆ ಕೊಳ್ಳುವವರು ಶೇಕಡಾ ಒಂದು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿಯುವ ತೆರಿಗೆ, ಹಿಡಿಯುತ್ತಾರೆ. ನಮ್ಮದು ನಾಲ್ವರ ಪಾಲಿಗೆ ತಲಾ 26 ಸಾವಿರ ಆಯಿತು, ನಾಲ್ವರ ಪ್ಯಾನ್ ನಂಬರೂ ಬೇಕಾಯಿತು. ಜುಲೈ 23, 2024 ಕ್ಕಿಂತ ಮೊದಲು ಕೊಂಡ ಮನೆಯಾದರೆ ಲಾಭದ ಮೇಲಿನ ತೆರಿಗೆಯನ್ನು ಶೇ 12.5 ರ ಹೊಸ ಲೆಕ್ಕ, ಬೆಲೆಯೇರಿಕೆ ಸೇರಿಸಿದ ಶೇ 20 ರ ಹಳೆಯ ಲೆಕ್ಕ, ಎರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿ ಕಟ್ಟಬಹುದು. 2001 ಕ್ಕಿಂತ ಹಿಂದಿನ ಆಸ್ತಿಗೆ 2001 ರ ಏಪ್ರಿಲ್ 1 ರ ಬೆಲೆ ಹಿಡಿಯಬಹುದು. ಏಜೆಂಟರಿಗೆ ಕೊಟ್ಟ ಕಮಿಷನ್ನನ್ನೂ ಲಾಭದಿಂದ ಕಳೆಯಬಹುದು, ಅದಕ್ಕೆ ರಸೀದಿ ಬೇಕು. ನಾವು 1 ಲಕ್ಷ 4 ಸಾವಿರವನ್ನು ಬ್ಯಾಂಕಿನಿಂದಲೇ ಕಳಿಸಿದೆವು, ಅವರು ರಸೀದಿ ಕೊಟ್ಟರು. ನಾವು ಮಾರಿದಾಗ ನೋಂದಣಿ ಶುಲ್ಕ ಶೇ 1 ಇತ್ತು, 2025 ರ ಆಗಸ್ಟ್ 31 ರಿಂದ ಶೇ 2 ಆಗಿದೆ. ಅದು ಕೊಳ್ಳುವವರ ಖರ್ಚೇ. ಆದರೆ ಅವರು ಬೆಲೆ ಕೇಳುವಾಗ ಅದನ್ನೂ ಲೆಕ್ಕ ಹಾಕಿಕೊಂಡೇ ಕೇಳುತ್ತಾರೆ.

ಅವ್ವನಿಗೆ ವಿದ್ಯಾನಗರದಲ್ಲೇ ನೆಲಮಹಡಿಯ ಮನೆ ಸಿಕ್ಕಿದೆ. ಅಪ್ಪನ ಫೋಟೋ ಈಗ ಅಲ್ಲಿದೆ. ಗೊಂಚಲಿನ ನಾಲ್ಕು ಕೀಲಿ ಮಾಳಮಡ್ಡಿಯ ಹೊಸ ಯಜಮಾನರಿಗೆ ಕೊಟ್ಟೆವು, ಐದನೆಯದು ನನ್ನ ಹತ್ತಿರ ಉಳಿಯಿತು.

ಕಳೆದ ತಿಂಗಳು ಒಂದು ಮದುವೆಗೆ ಕೇಶ್ವಾಪುರಕ್ಕೆ ಹೋಗಿದ್ದೆ. ಬರುವಾಗ ಆ ಮನೆಯ ಮುಂದೆಯೇ ಬಂದೆ. ತುಳಸಿ ಕಟ್ಟೆ ಹಾಗೇ ಇತ್ತು. ಗೇಟಿಗೆ ನಾಲ್ಕು ಬೋರ್ಡ್. ಅದರಲ್ಲಿ ಒಂದು ನಂಬರ್ ನನ್ನ ಫೋನಿನಲ್ಲಿ ಇನ್ನೂ ಇದೆ. ಒಂದು ವರ್ಷದ ಮೇಲಾಯಿತು, ಆ ಮನೆ ಮಾರಿಲ್ಲ. ಬಂದವರೆಲ್ಲ ಎಂಟು ಲಕ್ಷ, ಹತ್ತು ಲಕ್ಷ ಕಡಿಮೆ ಕೇಳಿ ಹೋಗುತ್ತಿರಬೇಕು. ಯಾಕೆ ಹಾಗೆ ಕೇಳುತ್ತಾರೆ ಅಂತ ಆ ಯಜಮಾನರಿಗೆ ಗೊತ್ತಿರಲಿಕ್ಕಿಲ್ಲ. ನನಗೂ ಐದು ತಿಂಗಳು ಗೊತ್ತಿರಲಿಲ್ಲ.

ಆಟೋದವರಿಗೆ ನಿಲ್ಲಿಸಿ ಅಂದೆ. ಇಳಿದು ಗೇಟು ತೆಗೆದು, ಚಪ್ಪಲಿ ಹೊರಗೆ ಬಿಟ್ಟು, ಬೆಲ್ ಒತ್ತಿದೆ. ಅವರೇ ಬಂದು ಬಾಗಿಲು ತೆಗೆದರು. ಗುರುತು ಸಿಗಲಿಲ್ಲ.

"ಹೋದ ವರ್ಷ ನಿಮ್ಮ ಮನಿ ನೋಡಾಕ ಬಂದಿದ್ದೆ ರೀ" ಅಂದೆ. "ನಿಮಗೊಂದು ಮಾತು ಹೇಳಬೇಕಿತ್ತು."